ಸೊನ್ನೆ ಬಂದರಷ್ಟೇ ಬಸ್ಸಿನ ಕೀ

ಮೊದಲು ನಡುಗಿದ್ದು ಚಹಾದ ಲೋಟ.

ಬೆಳಗಿನ ಐದೂವರೆಗೆ ಇವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒಯ್ಯುತ್ತಿದ್ದರು. ನವೆಂಬರ್ ತಿಂಗಳು. ಚಳಿಗೆ ಹಾಗೆ ಹಿಡಿಯುತ್ತಾರೆ ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು. ನನ್ನ ಗಂಡ ಮಂಜಪ್ಪ, ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೊಸನಗರದಿಂದ ಸಾಗರ, ವಾಪಸ್ಸು, ಮಧ್ಯಾಹ್ನ ತೀರ್ಥಹಳ್ಳಿ, ವಾಪಸ್ಸು. ಇಪ್ಪತ್ತೆರಡು ವರ್ಷದಿಂದ ಇದೇ ತಿರುವು, ಇದೇ ಗುಂಡಿ. ನಾನು ಸ್ಟಾಫ್ ನರ್ಸ್, ಹೆರಿಗೆ ವಾರ್ಡು. ದಿನವೂ ಹತ್ತಾರು ಜನರ ನಾಡಿ ಹಿಡಿದು ನೋಡುವ ನನಗೆ ಮನೆಯವರ ಕೈ ಕಾಣಲಿಲ್ಲ.

ಡಿಸೆಂಬರ್‌ನಲ್ಲಿ ಇವರು ಅಯ್ಯಪ್ಪನ ಮಾಲೆ ಹಾಕಿದರು. ಕಪ್ಪು ಪಂಚೆ, ತಣ್ಣೀರ ಸ್ನಾನ, ಒಂದು ಹನಿ ಮುಟ್ಟುವುದಿಲ್ಲ ಎಂಬ ವ್ರತ. ಮನೆಯವರಿಗೆಲ್ಲ ಸಂತೋಷ. ನನಗೂ. ಮೂರನೇ ದಿನ ಸಾಗರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರು ಬೆಂಚಿನಿಂದ ಕೆಳಗೆ ಬಿದ್ದರು. ಬಾಯಲ್ಲಿ ನೊರೆ. ಕೈಕಾಲು ಸೆಟೆದುಕೊಂಡಿತ್ತಂತೆ.

ಫಿಟ್ಸ್.

ಹತ್ತು ನಿಮಿಷದ ಹಿಂದೆ ಅದೇ ಕೈಯಲ್ಲಿ ಸ್ಟೇರಿಂಗ್ ಇತ್ತು. ಬಸ್ಸಿನಲ್ಲಿ ಐವತ್ತು ಜನ ಇದ್ದರು.

ಸಾಗರದ ಡಾಕ್ಟರು ಕೇಳಿದರು, "ಕುಡೀತಾರಾ?"

"ಸ್ವಲ್ಪ," ಅಂದೆ.

"ಸ್ವಲ್ಪ ಅಂದ್ರೆ ದಿನಾನಾ?"

ನಾನು ನೆಲ ನೋಡಿದೆ. ದಿನವೂ ಹೌದು. ಡ್ಯೂಟಿ ಮುಗಿಸಿ ಬಂದ ಮೇಲೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಉಂಡು ಮಲಗುತ್ತಾರೆ. ಅದನ್ನೇ ನಾನು ಇಷ್ಟು ವರ್ಷ 'ಸ್ವಲ್ಪ' ಎಂದು ಕರೆಯುತ್ತಿದ್ದೆ. ದಿನವೂ ಹೊಟ್ಟೆಗೆ ಬೀಳುವುದನ್ನು ಒಮ್ಮೆಲೇ ನಿಲ್ಲಿಸಿದರೆ ಹೀಗೆ ಫಿಟ್ಸ್ ಬರಬಹುದು, ಅದಕ್ಕೆ ವಿತ್‌ಡ್ರಾವಲ್ ಎನ್ನುತ್ತಾರೆ ಎಂದು ನರ್ಸಿಂಗ್ ಓದುವಾಗ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ ಓದು ಮನೆಯ ಹೊಸ್ತಿಲು ದಾಟಿ ಒಳಗೆ ಬರಲೇ ಇಲ್ಲ. ನೆಂಟರು ಮಾಲೆಯಲ್ಲಿ ಏನೋ ಮೈಲಿಗೆ ಆಗಿರಬೇಕು ಎಂದರು. ಅವರಿಗೆ ಏನು ಹೇಳುವುದು? ಒಳಗೇ ಕುದ್ದೆ.

ಶಿವಮೊಗ್ಗದಲ್ಲಿ ಇಪ್ಪತ್ತೊಂದು ದಿನ ಅಡ್ಮಿಟ್. ಕೇಸ್ ಶೀಟಿನ ಮೇಲೆ ಆಲ್ಕೋಹಾಲ್ ಡಿಪೆಂಡೆನ್ಸ್ ಎಂದು ಬರೆದಿದ್ದರು. ಅದನ್ನು ಓದಿ ಇವರು ಗೋಡೆ ಕಡೆ ತಿರುಗಿ ಮಲಗಿದರು. ನನಗೆ ಎಲ್ಲರ ಮೇಲೂ ಸಿಟ್ಟು. ನೋಡಲು ಬಂದು ಮೂಸಂಬಿ ಕೊಟ್ಟು, "ನೀವು ನರ್ಸ್ ಆಗಿ ಗೊತ್ತಾಗ್ಲಿಲ್ವಾ?" ಎನ್ನುವವರ ಮೇಲೆ ಸಿಟ್ಟು. ಇವರ ಜೊತೆ ಕೂತು ಕುಡಿದು, ಈಗ "ಅತಿ ಮಾಡ್ಕೊಂಡ ಮಾರಾಯ" ಎನ್ನುವ ಗೆಳೆಯರ ಮೇಲೆ ಸಿಟ್ಟು. ಬಿಡುಗಡೆಯ ದಿನ ಡಾಕ್ಟರು ನನ್ನ ಕಡೆ ತಿರುಗಿ, "ಸಿಸ್ಟರ್, ನೀವು ಸ್ವಲ್ಪ ಕಣ್ಣಿಟ್ಟಿರಿ," ಎಂದರು. ಕಾಯಿಲೆ ಇವರದು, ಕಾವಲು ನನ್ನದು. ಸರಿ. ತಲೆಯಾಡಿಸಿ ಬಂದೆ.

ಬಸ್ಸಿನ ಮಾಲೀಕರು ಕೆಟ್ಟವರಲ್ಲ. ಮನೆಗೇ ಬಂದು ಕೂತು ಹೇಳಿದರು, "ನಂಗೆ ಮಂಜಪ್ಪನ ಮೇಲೆ ನಂಬಿಕೆ ಉಂಟು. ಆದ್ರೆ ಪ್ಯಾಸೆಂಜರ್ ಜೀವ ನಂಬಿಕೆ ಮೇಲೆ ಬಿಡ್ಲಿಕ್ಕಾಗುದಿಲ್ಲ. ಪೊಲೀಸ್ರು ಊದ್ಸ್ತಾರಲ್ಲ, ಆ ಮಷಿನ್ ಒಂದು ಇಟ್ಕೊಳ್ಳಿ. ಬೆಳಿಗ್ಗೆ ಊದಿ ಫೋಟೋ ಕಳ್ಸಿ. ಸೊನ್ನೆ ಬಂದ್ರೆ ಬಸ್ಸಿನ ಕೀ. ಇಲ್ಲದಿದ್ರೆ ಇಲ್ಲ."

ನನಗೆ ಒಳಗೊಳಗೇ ಖುಷಿಯಾಯಿತು. ಕಣ್ಣಿಡುವ ಕೆಲಸಕ್ಕೆ ಒಂದು ಮಷಿನ್ ಸಿಗುತ್ತದಲ್ಲ.

ಸಾಗರದ ಅಂಗಡಿಯೊಂದರಲ್ಲಿ ಬೆರಳುದ್ದದ ಒಂದನ್ನು ಕೊಟ್ಟರು. ಕೀ ಗೊಂಚಲಿಗೆ ಸಿಕ್ಕಿಸುವಂಥದ್ದು. ಅಂಗಡಿಯವನು "ಸೂಪರ್ ಪೀಸ್ ಮೇಡಂ" ಅಂದ. ಅದಕ್ಕೆ ಎಲ್ಲವೂ ಹೆಂಡವೇ. ಎಲೆಯಡಿಕೆಯ ಕವಳ ಹಾಕಿ ಊದಿದರೂ ಕೆಂಪು ದೀಪ, ಡೀಸೆಲ್ ಹಾಕಿಸಿ ಬಂದು ಊದಿದರೂ ಕೆಂಪು ದೀಪ, ಬಾಯಿಗೆ ಹತ್ತಿರ ಹಿಡಿಯದೆ ಗಾಳಿಯಲ್ಲಿ ಹಿಡಿದರೂ ಒಮ್ಮೊಮ್ಮೆ ಕೆಂಪು ದೀಪ. ಮೊದಲ ವಾರ ನಾವಿಬ್ಬರೂ ನಕ್ಕೆವು. ಆಸ್ಪತ್ರೆಯಿಂದ ಬಂದ ಮೇಲೆ ಇವರು ನಕ್ಕಿದ್ದು ಅದೇ ಮೊದಲು. ನನ್ನ ಜೊತೆ ಕೆಲಸ ಮಾಡುವ ಲ್ಯಾಬ್ ಟೆಕ್ನಿಷಿಯನ್ ವಿವರಿಸಿದರು. ಅಗ್ಗದವುಗಳಲ್ಲಿ ಸೆಮಿಕಂಡಕ್ಟರ್ ಸೆನ್ಸರ್ ಇರುತ್ತದೆ, ಅದು ಸಿಕ್ಕಿದ ವಾಸನೆಗೆಲ್ಲ ಹಾರುತ್ತದೆ. ಫ್ಯೂಯಲ್ ಸೆಲ್ ಇರುವುದನ್ನು ತಗೊಳ್ಳಿ, ಪೊಲೀಸರ ಹತ್ತಿರ ಇರುವುದೂ ಅದೇ ಜಾತಿಯದು.

ಹಾಗಾಗಿ ಅದನ್ನೇ ತರಿಸಿದೆ. ಕೈಗೆ ಭಾರವಾಗಿ ಕೂರುವ, ಮೂರು ದಶಾಂಶ ತೋರಿಸುವ ಮಷಿನ್. ಜೊತೆಗೆ ಬಿಳಿಯ ಪ್ಲಾಸ್ಟಿಕ್ ಮೌತ್‌ಪೀಸುಗಳ ಒಂದು ಪೊಟ್ಟಣ. ಇಂಗ್ಲಿಷಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದ ಒಂದು ಪುಸ್ತಕ. ಮೊದಲ ನಾಲ್ಕು ಪುಟ ಓದಿದೆ. ಊಟವಾಗಿ ಇಪ್ಪತ್ತು ನಿಮಿಷ ಬಿಡಬೇಕು, ಬಾಯಿ ಮುಕ್ಕಳಿಸಬೇಕು, ಬೀಪ್ ಬರುವವರೆಗೆ ಒಂದೇ ಉಸಿರಲ್ಲಿ ಊದಬೇಕು, ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು. ಉಳಿದ ಪುಟಗಳನ್ನು ಓದಲಿಲ್ಲ. ಹೆರಿಗೆ ವಾರ್ಡಿನಲ್ಲಿ ಎಂಥೆಂಥ ಮಷಿನ್ ನೋಡಿಕೊಂಡವಳಿಗೆ ಇದನ್ನು ನೋಡಿಕೊಳ್ಳುವುದು ಯಾರು ಹೇಳಿಕೊಡಬೇಕು?

ಫೆಬ್ರವರಿಯಿಂದ ಜೂನ್‌ವರೆಗೆ 0.000. ದಿನವೂ ಸೊನ್ನೆ. ಇವರೇ ಊದಿ, ಇವರೇ ಫೋಟೋ ಕಳಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಸಣ್ಣದೊಂದು ಸೊನ್ನೆ ಬರೆದು, ಮೌತ್‌ಪೀಸನ್ನು ಬಚ್ಚಲಿನ ನಲ್ಲಿಯಲ್ಲಿ ತೊಳೆದು ಕಿಟಕಿಯಲ್ಲಿಡುತ್ತಿದ್ದರು. ಹಾಸ್ಟೆಲ್ಲಿನಿಂದ ರಜೆಗೆ ಬಂದ ಮಗಳು ಕ್ಯಾಲೆಂಡರ್ ನೋಡಿ, "ಅಪ್ಪ, ಎಲ್ಲಾದ್ರಲ್ಲೂ ಸೊನ್ನೆ ತಗೊಂಡ್ರೂ ಬೈಸ್ಕೊಳ್ದಿರೋನು ನೀನೊಬ್ನೇ," ಎಂದಳು. ನಮ್ಮ ಮನೆ ಮತ್ತೆ ಮನೆಯ ಹಾಗಿತ್ತು.

ಜುಲೈಯಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯಿತು. ಚಪ್ಪಲಿ, ಬೆಲ್ಟು, ಉಪ್ಪಿನಕಾಯಿಯ ಮುಚ್ಚಳ. ಕಿಟಕಿಯಲ್ಲಿಟ್ಟ ಮೌತ್‌ಪೀಸಿನ ಒಳಗೂ ಕಪ್ಪು ಚುಕ್ಕೆ. ನೋಡಿ ಮೈ ಉರಿಯಿತು. ದಿನವೂ ಬಾಯಲ್ಲಿಡುವ ವಸ್ತು ಇದು! ಆ ಹೊತ್ತಿನಿಂದ ಅದರ ಉಸ್ತುವಾರಿ ನಾನೇ ವಹಿಸಿಕೊಂಡೆ. ವಾರ್ಡಿನಲ್ಲಿ ಮಾಡುವ ಹಾಗೆಯೇ ಅಚ್ಚುಕಟ್ಟಾಗಿ. ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿಯಲ್ಲಿ ಮಷಿನ್, ಮೌತ್‌ಪೀಸ್, ಹತ್ತಿ, ಸ್ಪಿರಿಟ್ ಬಾಟಲಿ. ಇವರು ಊದುವ ಮೊದಲು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೌತ್‌ಪೀಸನ್ನು ಒಳಗೂ ಹೊರಗೂ ಒರೆಸಿ, ಸಿಕ್ಕಿಸಿ, ಕೈಗೆ ಕೊಡುತ್ತಿದ್ದೆ.

ನಾಲ್ಕನೇ ದಿನ 0.034.

ನಾವಿಬ್ಬರೂ ಮಷಿನ್ ನೋಡುತ್ತ ನಿಂತೆವು. 0.030, ಅಂದರೆ ಮೂವತ್ತು, ದಾಟಿದರೆ ಪೊಲೀಸರೂ ಕೇಸು ಹಾಕುತ್ತಾರೆ.

"ಕುಡಿದಿದೀರಾ?"

"ಇಲ್ಲ."

"ಮತ್ತೆ ಇದೇನು?"

"ನಂಗೇನ್ ಗೊತ್ತು? ನೀನೇ ತಂದ ಮಷಿನ್ನು."

ಆ ಉತ್ತರ ನನಗೆ ಹಿಡಿಸಲಿಲ್ಲ. ಶಿವಮೊಗ್ಗದ ಕೌನ್ಸೆಲರ್ ಹೇಳಿದ್ದರು, ಮತ್ತೆ ಶುರು ಮಾಡುವವರು ಮೊದಲು ಸುಳ್ಳಿನಿಂದ ಶುರು ಮಾಡುತ್ತಾರೆ ಎಂದು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಇವರಿಗೆ ಜ್ವರ, ಮೂರು ದಿನ ಬರುವುದಿಲ್ಲ ಎಂದು ಮಾಲೀಕರಿಗೆ ಫೋನ್ ಮಾಡಿದೆ. ಮರುದಿನ 0.012. ಆಮೇಲೆ 0.029. ಇವರ ದಿಂಬಿನ ಕೆಳಗೆ ಹುಡುಕಿದೆ, ಬೈಕಿನ ಬಾಕ್ಸಿನಲ್ಲಿ ಹುಡುಕಿದೆ, ಅಕ್ಕಿ ಡ್ರಮ್ಮಿನಲ್ಲಿ ಮೊಣಕೈವರೆಗೆ ಕೈ ಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಚೆನ್ನಾಗಿ ಬಚ್ಚಿಡುತ್ತಾರಲ್ಲ ಅಂತ.

"ಸಿಗಂದೂರಿಗೆ ಹೋಗಣ ಬಾ," ಅಂದರು ಇವರು. "ಅಮ್ಮನ ಎದ್ರು ಆಣೆ ಮಾಡ್ತೀನಿ. ಆಮೇಲಾದ್ರೂ ನಂಬ್ತೀಯಾ?"

"ಆಣೆ ಬೇಡ. ಸೊನ್ನೆ ತೋರ್ಸಿ ಸಾಕು," ಅಂದೆ.

ಇಂಥ ಮಾತು ಆಡಿದ್ದು ನಾನೇ. ಬರೆಯಲು ಈಗ ನಾಚಿಕೆಯಾಗುತ್ತದೆ.

ಆದರೂ ನ್ಯಾಯವಾಗಿ ನಡೆದುಕೊಳ್ಳಬೇಕು ಎಂದು ಮಷಿನ್ನನ್ನು ಕ್ಯಾಲಿಬ್ರೇಷನ್‌ಗೆ ಕೊರಿಯರ್ ಮಾಡಿದೆ. ಅದು ಹೋಗಿ ಬರಲು ಹತ್ತು ದಿನ. ಆ ಹತ್ತು ದಿನ ಮಾಲೀಕರು ಬೇರೆ ದಾರಿ ಹುಡುಕಿದರು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಇವರ ಬಾಯಿ ಮೂಸಿ ನೋಡುವುದು. ಪ್ರಯಾಣಿಕರ ಎದುರೇ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮನುಷ್ಯ ದಿನವೂ ಬಾಯಿ ತೆರೆದು ನಿಂತರು. ಏಜೆಂಟನಿಗೆ ಒಂದು ದಿನವೂ ವಾಸನೆ ಬರಲಿಲ್ಲ. ಮನುಷ್ಯನ ಮೂಗು ಏನು ಮಹಾ ಎಂದು ನಾನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಮಷಿನ್ ವಾಪಸ್ಸು ಬಂತು, ಜೊತೆಗೆ ಮೊಹರು ಒತ್ತಿದ ಸರ್ಟಿಫಿಕೇಟ್. ಎಲ್ಲ ಸರಿಯಾಗಿದೆ, ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ. ಮರುದಿನ ಬೆಳಿಗ್ಗೆ ಒರೆಸಿ ಕೊಟ್ಟೆ. ಇವರು ಊದಿದರು.

0.041.

ಸರ್ಟಿಫಿಕೇಟನ್ನು ಇವರ ಮುಖಕ್ಕೆ ಹಿಡಿದೆ. "ಈಗ ಹೇಳು. ಈಗೇನು ಹೇಳ್ತೀಯ ನೀನು?"

ಹದಿನೆಂಟು ವರ್ಷದ ಸಂಸಾರದಲ್ಲಿ ಇವರನ್ನು 'ನೀನು' ಅಂದಿದ್ದು ಅದೇ ಮೊದಲು. ಇವರು ನನ್ನನ್ನೇ ನೋಡಿದರು. ಮಷಿನ್ನನ್ನು ನನ್ನ ಕೈಗಿಟ್ಟು ಒಳಗೆ ಹೋದರು. ನಾನು ಅದನ್ನು ತಪ್ಪೊಪ್ಪಿಗೆ ಎಂದು ತಿಳಿದೆ. ಫೋಟೋ ತೆಗೆದು ನಾನೇ ಮಾಲೀಕರಿಗೆ ಕಳಿಸಿದೆ. ಹಿಂದಿನ ಜ್ವರ ಸುಳ್ಳು ಎಂದೂ ಬರೆದೆ.

ಇವರ ಸೀಟು ಹೋಯಿತು.

ಮಾಲೀಕರು ಒಂದು ಬಾಗಿಲು ಮಾತ್ರ ತೆರೆದಿಟ್ಟರು. ಸತತವಾಗಿ ಹದಿನೈದು ದಿನ ಸೊನ್ನೆ ಬಂದರೆ ವಾಪಸ್ಸು ತಗೊಳ್ಳುತ್ತಾರೆ. ದಸರಾ ಒಳಗೆ ಬರದಿದ್ದರೆ ಹೊಸ ಡ್ರೈವರನ್ನೇ ಕಾಯಂ ಮಾಡುತ್ತಾರೆ. ನಾನು ಇವರಿಗೆ ಇನ್ನೊಂದು ಸೇರಿಸಿದೆ. ದಸರಾ ಒಳಗೆ ಸೊನ್ನೆ ಬರದಿದ್ದರೆ ನಾನು ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡುತ್ತೇನೆ. ಬೆದರಿಕೆಗೆ ಹೇಳಿದ್ದಲ್ಲ. ಆಸ್ಪತ್ರೆಯ ಹತ್ತಿರ ಎರಡು ಕೋಣೆಯ ಮನೆಯೊಂದನ್ನು ಹೋಗಿ ನೋಡಿಯೂ ಬಂದಿದ್ದೆ.

ಇವರು ಈಗ ಮನೆಯಲ್ಲೇ. ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಬೆಳಗಿನ ಊದುವಿಕೆ ಮಾತ್ರ ತಪ್ಪಲಿಲ್ಲ. ಒಂದು ದಿನ 0.038, ಒಂದು ದಿನ 0.030. ಕ್ಯಾಲೆಂಡರಿನಲ್ಲಿ ನಾನು ಕೆಂಪು ಪೆನ್ನಿನಲ್ಲಿ ಬರೆಯುತ್ತ ಹೋದೆ. ನಡುವೆ ಒಂದು ಸಲ ನನಗೆ ನೈಟ್ ಡ್ಯೂಟಿ ಬಿತ್ತು. ಸಂಜೆಯೇ ಮೌತ್‌ಪೀಸ್ ಒರೆಸಿ ಕಿಟಕಿಯಲ್ಲಿಟ್ಟು ಹೋಗಿದ್ದೆ. ಬೆಳಿಗ್ಗೆ ಬಂದು ಊದಿಸಿದರೆ 0.021.

"ಪರವಾಗಿಲ್ಲ," ಅಂದೆ. "ಇಳೀತಾ ಇದೆ. ಹೀಗೇ ಪ್ರಯತ್ನ ಮಾಡಿ."

ಇವರು ಯಾಕೋ ತಲೆ ಎತ್ತಲಿಲ್ಲ. ನಾನು ಆ ದಿನ ಉಪ್ಪಿಟ್ಟಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದೆ.

ವಿಷಯ ತಾಳಗುಪ್ಪದ ಹತ್ತಿರ ಮೈದುನನ ಮನೆಯಲ್ಲಿದ್ದ ಅತ್ತೆಗೆ ತಲುಪಿತು. ಒಂದು ಕೈಚೀಲ ಹಿಡಿದು ಬಂದಿಳಿದರು. ಬಂದ ಎರಡು ದಿನ ಸುಮ್ಮನೆ ನೋಡಿದರು. ಮೂರನೇ ದಿನ ಬೆಳಿಗ್ಗೆ ಇವರು ಊದಿ, 0.033 ಬಂದು, ಸ್ನಾನಕ್ಕೆ ಹೋದರು. ನಾನು ಮೌತ್‌ಪೀಸನ್ನು ಮತ್ತೊಮ್ಮೆ ಒರೆಸಿ ಡಬ್ಬಿಯಲ್ಲಿಡುತ್ತಿದ್ದೆ.

"ಎಂತದೇ ಇದು, ದಿನಾ ಬೆಳಿಗ್ಗೆ ಗಂಡನ ಬಾಯಿಗೆ ಪೀಪಿ ಇಡೋದು?" ಅಂದರು ಅತ್ತೆ.

"ಪೀಪಿ ಅಲ್ಲ ಅತ್ತೆ. ಕುಡಿದಿದ್ದು ಗೊತ್ತಾಗೋ ಮಷಿನ್ನು."

"ಅವ್ನು ಕುಡ್ದಿಲ್ಲ ಅಂತಾನೆ. ನೀ ಕುಡ್ದಾನೆ ಅಂತೀಯ. ಡಬ್ಬಿ ಹೇಳಿದ್ದೇ ವೇದನಾ? ಕೊಡು ಇಲ್ಲಿ. ನಂಗೂ ಊದ್ಸು."

"ಅದು ಅವರ ಎಂಜಲು ಅತ್ತೆ."

"ನಾ ಹೆತ್ತವ್ನ ಎಂಜಲು ನಂಗೆಂತ ಎಂಜಲು ಮಾರಾಯ್ತಿ? ಕೊಡಂದ್ರೆ ಕೊಡು!"

ಅತ್ತೆ ಎಂದರೆ ಇನ್ನೊಬ್ಬರು ಕಚ್ಚಿ ಕುಡಿದ ಲೋಟವನ್ನು ಮೂರು ಸಲ ತಿಕ್ಕಿಸುವ ಹೆಂಗಸು. ಕೈಯಿಂದ ಮಷಿನ್ ಕಸಿದುಕೊಂಡರು. ಮೊದಲ ಸಲ ಉಸಿರು ಸಾಲದೆ ಅದು ಕೊಂಯ್ ಎಂದಿತು. ಎರಡನೇ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಊದಿದ ಅಭ್ಯಾಸವನ್ನೆಲ್ಲ ಸೇರಿಸಿ ಊದಿದರು. ಬೀಪ್ ಬಂತು.

0.037.

"ಎಂತ ಬಂತು?"

ಅತ್ತೆಗೆ ಓದಲು ಬರುವುದಿಲ್ಲ. ಇವರು ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಸೊನ್ನೆ ಬಂತು ಎಂದು ಹೇಳಿ ಮಷಿನ್ ಒಳಗಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ದಿನದ ನನ್ನ ಸಿಟ್ಟು, ನನ್ನ ಸರ್ಟಿಫಿಕೇಟ್, ನನ್ನ ಕೆಂಪು ಪೆನ್ನು ಎಲ್ಲ ಹಾಗೇ ಉಳಿಯುತ್ತಿತ್ತು. ಒಂದು ಕ್ಷಣ ಹಾಗೆ ಹೇಳಲು ಬಾಯಿ ತೆರೆದೆ. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ತೆರೆದೆ.

"ಮೂವತ್ತೇಳು," ಅಂದೆ.

"ಅಂದ್ರೆ?"

"ಅಂದ್ರೆ ನೀವು ಕುಡಿದಿದೀರಿ ಅತ್ತೆ."

ಅತ್ತೆ ನಗಲಿಲ್ಲ. ನೆಲದ ಮೇಲೆ ಕೂತು ಸೆರಗನ್ನು ಬಾಯಿಗೆ ಹಿಡಿದು ಅತ್ತರು. "ನನ್ ಮಗನ್ನ ಬೀದಿಲಿ ನಿಲ್ಸಿದ್ಯಲ್ಲೇ," ಅಂದರು. ಮತ್ತೆ ಮತ್ತೆ ಅದನ್ನೇ ಅಂದರು.

ಅದೇ ಮೌತ್‌ಪೀಸಿಗೆ ಬಾಯಿಟ್ಟು ನಾನೇ ಊದಿದೆ. 0.026. ಅದನ್ನು ಬಿಚ್ಚಿ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದು, ಒಲೆಯ ಪಕ್ಕ ಒಣಗಿಸಿ, ಮಷಿನ್ನನ್ನು ಡಬ್ಬಿಯಿಂದ ದೂರ ಜಗುಲಿಯ ಗಾಳಿಯಲ್ಲಿ ಒಂದು ತಾಸು ಬಿಟ್ಟು ಮತ್ತೆ ಊದಿದೆ. ಸೊನ್ನೆ. ಅತ್ತೆ, ಸೊನ್ನೆ. ಇವರು, ಸೊನ್ನೆ. ಸ್ಪಿರಿಟ್ ಎಂದರೆ ಆಲ್ಕೋಹಾಲ್. ಅಷ್ಟೇ ವಿಷಯ. ಮೊದಲ ಮೂರು ದಿನ ಒರೆಸಿದ್ದು ಆರಿದ ಮೇಲೆ ಕೊಟ್ಟಿದ್ದೆ, ಆಮೇಲೆ ಒದ್ದೆಯಲ್ಲೇ. ಓದದೆ ಬಿಟ್ಟಿದ್ದ ಪುಟ ತೆಗೆದರೆ ಅಲ್ಲಿ ಒಂದು ಸಾಲು. ಸ್ಪಿರಿಟ್, ಸ್ಯಾನಿಟೈಸರ್ ಯಾವುದರಿಂದಲೂ ಒರೆಸಬಾರದು, ಹತ್ತಿರದಲ್ಲಿ ಇಡಲೂಬಾರದು.

ಇದು ನನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಹಿಂದೆ ಕ್ಯಾಶುವಾಲ್ಟಿಯಲ್ಲಿ ಇದ್ದಾಗ ಪೊಲೀಸರು ಕುಡಿದ ಡ್ರೈವರುಗಳನ್ನು ಕರೆತರುತ್ತಿದ್ದರು. ಅವರ ರಕ್ತ ತೆಗೆಯುವಾಗ ತೋಳಿಗೆ ಸ್ಪಿರಿಟ್ ಹಚ್ಚಬಾರದು, ರಿಪೋರ್ಟ್ ಕೆಡುತ್ತದೆ. ಹೊಸ ನರ್ಸುಗಳ ಕೈಯಿಂದ ಎಷ್ಟು ಸಲ ಹತ್ತಿ ಕಿತ್ತುಕೊಂಡು ಬೈದಿದ್ದೇನೆ! ಗುರುತಿಲ್ಲದ ಕುಡುಕರಿಗೆ ಆ ನ್ಯಾಯ ಕೊಟ್ಟವಳು ಮನೆಯವರಿಗೆ ಕೊಡಲಿಲ್ಲ. ಲ್ಯಾಬಿನಲ್ಲಿ ಯಾವ ಮಷಿನ್ನನ್ನೂ ಒಬ್ಬ ಆರೋಗ್ಯವಂತನ ಮೇಲೆ ನೋಡದೆ ನಂಬುವುದಿಲ್ಲ. ನಾನು ಒಂದೇ ಒಂದು ಸಲ ಊದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಊದಲಿಲ್ಲ. ಇವರು ಬಾಯಿಟ್ಟ ವಸ್ತು ಅಂತ. ಅದು ರೋಗಿಯ ಮಷಿನ್ನು, ನನಗೇಕೆ ಅಂತ. ಜಗತ್ತಿನ ಮೇಲೆಲ್ಲ ಹಂಚಿದ್ದ ಸಿಟ್ಟು ಒಟ್ಟಾಗಿ ನನ್ನ ಮೇಲೇ ಬಂದು ಬಿತ್ತು.

ಇವರು ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. "ಸರಿ ಬಿಡು," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ದಿನವೇ ರಜೆ ಹಾಕಿ ಮಾಲೀಕರ ಆಫೀಸಿಗೆ ಹೋದೆ. ಮೌತ್‌ಪೀಸನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಅವರ ಮುಂದೆ ಹಿಡಿದು, ಊದಿ ಅಂದೆ. ಅವರು ಹಿಂದೆ ಸರಿದರು. "ಎಂತ ಸಿಸ್ಟರ್, ನಾನ್ಯಾಕೆ?"

"ಊದಿ. ನಾನು ಸತ್ಯ ಅಂತ ನಂಬಿ ನನ್ನ ಗಂಡನ ಮಾನ ತೆಗೆದಿದ್ದು ಎಂಥಾ ಮಷಿನ್ ಅಂತ ನಿಮಗೂ ಗೊತ್ತಾಗ್ಲಿ."

ಊದಿದರು. ಬೆಳಿಗ್ಗೆ ಪೂಜೆ ಮುಗಿಸಿ ಬಂದಿದ್ದ ಮನುಷ್ಯನಿಗೆ 0.044. ಹಣೆಯ ಗಂಧ ಮುಟ್ಟಿಕೊಂಡು ಕೂತರು. ತೊಳೆದು ಮತ್ತೆ ಊದಿಸಿದೆ, ಸೊನ್ನೆ. ಏಜೆಂಟ್ ಬಾಯಿ ಮೂಸಿದ ಹತ್ತು ದಿನದ ಬಗ್ಗೆಯೂ ನನ್ನ ಬಾಯಿಗೆ ಬಂದಿದ್ದನ್ನೆಲ್ಲ ಹೇಳಿದೆ. ಸೋಮವಾರದಿಂದ ಇವರಿಗೆ ಸೀಟು ಸಿಕ್ಕಿತು. ಮಷಿನ್ ಮಾತ್ರ ಮುಂದುವರಿಯಬೇಕು ಎಂದರು ಮಾಲೀಕರು. ಒಪ್ಪಿಕೊಂಡೆ. ಕ್ಯಾಲೆಂಡರಿನ ಕೆಂಪು ಅಂಕಿಗಳ ಮೇಲೆಲ್ಲ ಕೂತು ಬಿಳಿ ಕಾಗದ ಅಂಟಿಸಿದೆ. ಎಲ್ಲದರ ಮೇಲೂ.

ಅಕ್ಟೋಬರ್‌ನಲ್ಲಿ ತೀರ್ಥಹಳ್ಳಿಯಲ್ಲಿ ತಪಾಸಣೆ. ತಿಂಗಳಿಗೊಮ್ಮೆ ಬರುವ ಸೈಕಿಯಾಟ್ರಿಸ್ಟ್ ಒಬ್ಬರು ಅಲ್ಲಿದ್ದಾರೆ. ಹೊಸನಗರದಲ್ಲಿ ನನ್ನನ್ನು ಎಲ್ಲರೂ ಬಲ್ಲರು, ಅದಕ್ಕೆ ಅಲ್ಲಿ. ಇವರು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬಂದು, ಬಸ್ಸು ನಿಲ್ಲುವ ಮುಕ್ಕಾಲು ಗಂಟೆಯಲ್ಲಿ ಒಳಗೆ ಹೋಗಿ ಬರಬೇಕು. ನಾನೂ ಅದೇ ಬಸ್ಸಿನಲ್ಲಿ ಹೋಗಿದ್ದೆ. ಮಳೆಗಾಲದಲ್ಲಿ ಎರಡು ಸಲ ತಪ್ಪಿಸಿಕೊಂಡಿದ್ದೆವು.

ಡಾಕ್ಟರು ಫೈಲ್ ತಿರುವಿ ಕೇಳಿದರು, "ಈ ಮೂರು ತಿಂಗಳಲ್ಲಿ ಕುಡಿದಿದ್ದೇನಾದ್ರೂ?"

ಇವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಮಷಿನ್, ಸ್ಪಿರಿಟ್, ಸರ್ಟಿಫಿಕೇಟ್, ಅತ್ತೆ. "ಒಂದು ಹನಿ ಮುಟ್ಟಿಲ್ಲ ಡಾಕ್ಟ್ರೇ. ನಾವೆಲ್ಲ ಸೇರಿ ಸುಮ್ಮನೆ ಇವರ ಮೇಲೆ ಗೂಬೆ ಕೂರ್ಸಿದ್ವಿ. ಅಷ್ಟು ಕೆಂಪು ಬಂತಲ್ಲ, ಒಂದೂ ನಿಜ ಅಲ್ಲ. ಒಂದೂ ಅಲ್ಲ!" ನನ್ನ ದನಿ ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು.

"ಒಂದು ನಿಜ," ಅಂದರು ಇವರು.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಸೀಟು ಹೋಯ್ತಲ್ಲ, ಅದ್ರ ಐದನೇ ದಿನ. ಇವ್ಳು ನೈಟ್ ಡ್ಯೂಟಿಗೆ ಹೋಗಿದ್ಲು. ಕುಡೀದೇ ಕುಡುಕ ಅನ್ನಿಸ್ಕೊಂಡಾಯ್ತಲ್ಲ, ಇನ್ನೆಂತ ಅಂತ ಹೋದೆ. ಎರಡು ಕ್ವಾರ್ಟರ್. ಮತ್ತೆ ಮುಟ್ಟಿಲ್ಲ."

0.021. ನಾನು ಪರವಾಗಿಲ್ಲ ಎಂದ ದಿನ. ತುಪ್ಪ ಹಾಕಿದ ದಿನ. ಸಂಜೆ ಒರೆಸಿದ ಸ್ಪಿರಿಟ್ ಬೆಳಗಿನೊಳಗೆ ಆರಿಹೋಗಿತ್ತು.

ಡಾಕ್ಟರು ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದರು. ಒಮ್ಮೆ ಜಾರಿದ್ದನ್ನು ಜಾರಿದ್ದು ಎಂದೇ ಬರೆದುಕೊಳ್ಳೋಣ, ಬಿದ್ದದ್ದು ಎಂದಲ್ಲ ಎಂದರು. ಮಾತ್ರೆ ಮುಂದುವರಿಸಿ, ಹದಿನೈದು ದಿನಕ್ಕೆ ಬರಲು ಹೇಳಿದರು. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಹಿಡಿದು ನಿಲ್ಲಿಸಿದೆ. "ಯಾಕೆ ಹೇಳಿದ್ರಿ? ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮಷಿನ್ನೇ ನಿಮ್ಮ ಪರ ಇತ್ತಲ್ಲ."

"ನೀನು ಅಷ್ಟು ಜೋರಾಗಿ ನನ್ನ ಪರ ಮಾತಾಡ್ತಿದ್ದೆ," ಅಂದರು. "ಕೂತು ಕೇಳಕ್ಕಾಗ್ಲಿಲ್ಲ."

ಅಷ್ಟು ಹೇಳಿ ಗಡಿಯಾರ ನೋಡಿಕೊಂಡು ಬಸ್ಸಿನ ಕಡೆ ನಡೆದರು. ನಾನು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ. ಸಿಟ್ಟು ತಡೆಯಲಾಗುತ್ತಿರಲಿಲ್ಲ. ಕುಡಿದಿದ್ದಕ್ಕೆ ಸಿಟ್ಟು. ಕುಡಿಯುವ ಹಾಗೆ ಮಾಡಿದ ನನ್ನ ಮೇಲೆ ಸಿಟ್ಟು. ಡಾಕ್ಟರ ಎದುರು ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಸಿಟ್ಟು. ಮನೆಗೆ ಹೋಗಿ ಏನೇನು ಬೈಯಬೇಕು ಎಂದು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದೆ. ಸಾಗರದ ಆ ಫಿಟ್ಸಿನ ನಂತರ ಇವರ ಬಸ್ಸು ಹತ್ತಿದಾಗಲೆಲ್ಲ ನಾನು ಎದುರಿನ ರಸ್ತೆಯನ್ನೇ ನೋಡುತ್ತ, ಪ್ರತಿ ತಿರುವಿಗೂ ಮುಂದಿನ ಕಂಬಿ ಹಿಡಿದು ಕೂರುತ್ತಿದ್ದೆ. ಸೊನ್ನೆ ಬಂದ ದಿನಗಳಲ್ಲೂ ಹಾಗೆಯೇ.

ಆ ದಿನ ಅರ್ಧದಾರಿಯ ಕೋಣಂದೂರು ಯಾವಾಗ ದಾಟಿತೋ ಗೊತ್ತಿಲ್ಲ. ಹೊಸನಗರದಲ್ಲಿ ಕಂಡಕ್ಟರ್ ಬಂದು, "ಸಿಸ್ಟರ್, ಇಳೀರಿ, ಊರು ಬಂತು," ಎಂದು ಎಬ್ಬಿಸಿದ.